ಜ್ವರ ಮೂರೇ ದಿನ, ಸುಸ್ತು ಐದು ವಾರ: ಹೀಗೇಕೆ?

ತರಗತಿ_ಗಂಟೆ (ಸೋಮವಾರ, ರಾತ್ರಿ 9.40)

ಐದು ವಾರದ ಹಿಂದೆ ನನಗೆ ನೆಗಡಿ ಬಂತು. ದೊಡ್ಡದೇನಲ್ಲ. ಮೂರು ದಿನ ಜ್ವರ, ಅದೂ 100 ಡಿಗ್ರಿ ಆಸುಪಾಸು. ಗಂಟಲು ಕೆರೆತ, ಮೈಕೈ ನೋವು, ಸೋರುವ ಮೂಗು. ಕೋವಿಡ್ ಪರೀಕ್ಷೆ ಮಾಡಿಸಿದೆ, ನೆಗೆಟಿವ್ ಬಂತು. ಐದನೇ ದಿನ ಎದ್ದು ಕೆಲಸಕ್ಕೆ ಹೋದೆ.

ಈಗ ಜ್ವರವಿಲ್ಲ, ಮೂಗೂ ಸೋರುತ್ತಿಲ್ಲ. ಆದರೆ ಪಾಠ ಶುರುಮಾಡಿ ಹತ್ತು ನಿಮಿಷಕ್ಕೆ ಕೆಮ್ಮು ಹಿಡಿದುಕೊಳ್ಳುತ್ತದೆ. ನಕ್ಕರೆ ಕೆಮ್ಮು. ತಣ್ಣನೆ ಗಾಳಿ ತಾಗಿದರೆ ಕೆಮ್ಮು. ಮಧ್ಯಾಹ್ನ ಮೂರಕ್ಕೆಲ್ಲ ಮೈ ಹಿಂಡಿ ಹಾಕಿದ ಹಾಗೆ. ಎರಡನೇ ಮಹಡಿ ಹತ್ತುವಾಗ ಮಧ್ಯದಲ್ಲಿ ನಿಂತು ಫೋನ್ ನೋಡುವ ನಾಟಕ ಮಾಡುತ್ತೇನೆ, ಮಕ್ಕಳಿಗೆ ಗೊತ್ತಾಗದಿರಲಿ ಅಂತ.

ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದರು. ಎಕ್ಸ್‌ರೇ ಆಯಿತು, ರಕ್ತ ಪರೀಕ್ಷೆ ಆಯಿತು. "ಎಲ್ಲ ನಾರ್ಮಲ್" ಎಂದರು. ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲ ನಾರ್ಮಲ್ ಆದರೆ ನಾನೇಕೆ ಹೀಗಿದ್ದೇನೆ? ವೈರಸ್ ಇನ್ನೂ ಒಳಗೇ ಕೂತಿದೆಯಾ? ಯಾರಿಗಾದರೂ ಹೀಗಾಗಿದ್ದರೆ ಹೇಳಿ.

ಹಳೇಸೈಕಲ್ (ಸೋಮವಾರ, ರಾತ್ರಿ 9.58)

ಸದಸ್ಯರ ಪಟ್ಟಿಗೆ ನನ್ನ ಹೆಸರೂ ಸೇರಿಸಿ. ನನ್ನದು ಏಳನೇ ವಾರ. ಒಣ ಕೆಮ್ಮು. ಮಲಗಿದರೆ ಜಾಸ್ತಿ. ನಾನು ಕೆಮ್ಮಿದರೆ ಪಕ್ಕದ ಮನೆ ನಾಯಿ ಉತ್ತರ ಕೊಡುತ್ತದೆ.

ಮುಂಗೋಪಿ_ಮಾವ (ಸೋಮವಾರ, ರಾತ್ರಿ 10.15)

ಒಂದು ಕೋರ್ಸ್ ಆಂಟಿಬಯಾಟಿಕ್ ತಗೊಂಡು ಮುಗಿಸಿ. ಕಫ ಹಸಿರಾಗಿದೆಯಾ ನೋಡಿ. ಹಸಿರು ಅಂದರೆ ಸೋಂಕು ಹೋಗಿಲ್ಲ ಎಂದೇ ಅರ್ಥ.

ನಿವೃತ್ತ_ಸ್ಟೆತಸ್ಕೋಪ್ (ಮಂಗಳವಾರ, ಬೆಳಿಗ್ಗೆ 6.20)

ಮಾವ, ದಯವಿಟ್ಟು ಬೇಡ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ ಔಷಧ, ವೈರಸ್‌ಗೆ ಅಲ್ಲ. ಇನ್ನು ಕಫದ ಹಸಿರು ಬಣ್ಣ ಬರುವುದು ನಮ್ಮದೇ ಬಿಳಿ ರಕ್ತಕಣಗಳಿಂದ. ಅವುಗಳೊಳಗೆ ಹಸಿರು ಬಣ್ಣದ ಒಂದು ಕಿಣ್ವ ಇದೆ. ಜಗಳಕ್ಕೆ ಬಂದ ಕಣಗಳು ಸತ್ತಾಗ ಅದು ಕಫಕ್ಕೆ ಸೇರುತ್ತದೆ. ಮಾಮೂಲಿ ವೈರಸ್ ನೆಗಡಿಯಲ್ಲೂ ಕಫ ಹಳದಿ, ಹಸಿರು ಆಗುತ್ತದೆ. ಬಣ್ಣ ಒಂದನ್ನೇ ನೋಡಿ ಮಾತ್ರೆ ನುಂಗುವಂತಿಲ್ಲ.

ಈಗ ಮೇಷ್ಟ್ರಮ್ಮನ ಪ್ರಶ್ನೆಗೆ ಬರುತ್ತೇನೆ. ಪ್ರಾಕ್ಟೀಸ್ ಮಾಡುತ್ತಿದ್ದಷ್ಟು ವರ್ಷ ವಾರಕ್ಕೆ ಹತ್ತು ಜನ ಇದನ್ನೇ ಕೇಳುತ್ತಿದ್ದರು. ಮೊದಲ ತೊಂದರೆ ನಮ್ಮ ನಿರೀಕ್ಷೆಯಲ್ಲೇ ಇದೆ. ಅಮೆರಿಕದಲ್ಲಿ ಜನರನ್ನು ಕೇಳಿದಾಗ ಕೆಮ್ಮು ಏಳರಿಂದ ಒಂಬತ್ತು ದಿನ ಇರಬಹುದು ಎಂದರಂತೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರೆ ಸರಾಸರಿ ಬಂದದ್ದು ಸುಮಾರು 18 ದಿನ. ಇದು 2013ರಲ್ಲಿ ಪ್ರಕಟವಾದ ಲೆಕ್ಕ. ಸರಾಸರಿಯೇ 18 ಅಂದ ಮೇಲೆ ಎಷ್ಟೋ ಜನಕ್ಕೆ ಇನ್ನೂ ಜಾಸ್ತಿ ದಿನ ಇರುತ್ತದೆ ಅಲ್ವಾ? ಹತ್ತನೇ ದಿನಕ್ಕೆ "ಇನ್ನೂ ಹೋಗಿಲ್ಲ" ಎಂದು ಬಂದು ಔಷಧ ಕೇಳುತ್ತಾರೆ. ಹದಿನೆಂಟನೇ ದಿನ ತಾನಾಗಿ ವಾಸಿಯಾಗುತ್ತದೆ. ಹೆಸರು ಮಾತ್ರ ಔಷಧಕ್ಕೆ.

ವೈದ್ಯರ ಲೆಕ್ಕದಲ್ಲಿ ಮೂರು ವಾರದೊಳಗಿನದು ಒಂದು ಬಗೆ. ಮೂರರಿಂದ ಎಂಟು ವಾರದ್ದು ಇನ್ನೊಂದು ಬಗೆ. ಎಂಟು ದಾಟಿದರೆ ದೀರ್ಘಕಾಲದ ಕೆಮ್ಮು. ನಡುವಿನ ಗುಂಪಿನಲ್ಲಿ ಹೆಚ್ಚಿನವು ವೈರಸ್ ಬಿಟ್ಟುಹೋದ ಕೆಮ್ಮುಗಳೇ.

ಬಿಟ್ಟುಹೋಗುವುದು ಏನನ್ನು? ಶ್ವಾಸನಾಳದ ಒಳಗೋಡೆಯ ತುಂಬ ಸಣ್ಣ ಸಣ್ಣ ರೋಮಗಳಿವೆ. ಧೂಳು, ಕಫ ಎಲ್ಲವನ್ನೂ ಮೇಲಕ್ಕೆ ಗುಡಿಸಿ ತರುವುದು ಅವುಗಳ ಕೆಲಸ. ವೈರಸ್ ಈ ಪದರವನ್ನು ಅಲ್ಲಲ್ಲಿ ಕಿತ್ತುಹಾಕುತ್ತದೆ. ಮತ್ತೆ ಬೆಳೆಯಲು ವಾರಗಳು ಬೇಕು. ಅಲ್ಲಿಯವರೆಗೆ ಗುಡಿಸುವವರಿಲ್ಲ, ಕೆಮ್ಮಿಯೇ ಕಫ ತೆಗೆಯಬೇಕು. ಜೊತೆಗೆ ಕೆಮ್ಮು ಎಬ್ಬಿಸುವ ನರತುದಿಗಳು ಅತಿ ಸೂಕ್ಷ್ಮವಾಗಿಬಿಡುತ್ತವೆ. ಮೊದಲು ಹೊಗೆ ಹೋದರೆ ಕೆಮ್ಮು ಬರುತ್ತಿತ್ತು. ಈಗ ಮಾತು, ನಗು, ತಣ್ಣನೆ ಗಾಳಿ ಸಾಕು. ಚರ್ಮ ತರಚಿದ ಜಾಗಕ್ಕೆ ಬಟ್ಟೆ ತಾಗಿದರೂ ಉರಿಯುತ್ತದಲ್ಲ, ಹಾಗೆ. ದಿನಕ್ಕೆ ಐದು ಗಂಟೆ ಪಾಠ ಮಾಡುವವರಿಗೆ ಆ ತರಚು ಗಾಯ ಒಣಗಲು ಪುರುಸೊತ್ತೇ ಸಿಗುವುದಿಲ್ಲ. ಕೆಮ್ಮಿದಷ್ಟೂ ಗಂಟಲು ಇನ್ನಷ್ಟು ಕೆರಳುತ್ತದೆ.

ಏನು ಮಾಡಬಹುದು ಅಂದರೆ ದೊಡ್ಡದೇನಿಲ್ಲ. ಗಂಟಲು ಒಣಗಲು ಬಿಡಬೇಡಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ. ಕೆಮ್ಮು ಬರುವ ಸೂಚನೆ ಸಿಕ್ಕ ಕೂಡಲೇ ಉಗುಳು ನುಂಗಿ, ಮೂಗಿನಿಂದ ನಿಧಾನ ಉಸಿರು ಎಳೆದುಕೊಳ್ಳಿ. ರಾತ್ರಿ ಒಂದು ಚಮಚ ಜೇನುತುಪ್ಪ ಕೆಲವರಿಗೆ ನಿಜಕ್ಕೂ ಆರಾಮ ಕೊಡುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಕೊಡಬಾರದು.

ತರಗತಿ_ಗಂಟೆ (ಮಂಗಳವಾರ, ಬೆಳಿಗ್ಗೆ 7.05)

ಡಾಕ್ಟ್ರೇ, ಕೆಮ್ಮಿನದು ಅರ್ಥವಾಯಿತು. ಆದರೆ ಸುಸ್ತು? ಗಂಟಲು ತರಚಿದ್ದಕ್ಕೆ ಕಾಲು ಯಾಕೆ ಸೋಲಬೇಕು?

ಪಿಪೆಟ್ (ಮಂಗಳವಾರ, ಮಧ್ಯಾಹ್ನ 1.30)

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು, ವೈದ್ಯೆ ಅಲ್ಲ. ಆದರೆ ಈ ಪ್ರಶ್ನೆ ನನಗೆ ಬಹಳ ಇಷ್ಟ. ಯಾಕೆಂದರೆ ನಾವೆಲ್ಲ ಒಂದು ವಿಷಯವನ್ನು ತಲೆಕೆಳಗಾಗಿ ತಿಳಿದುಕೊಂಡಿದ್ದೇವೆ. ಜ್ವರ, ಮೈಕೈ ನೋವು, ಊಟ ಬೇಡವೆನಿಸುವುದು, ಸುಮ್ನೆ ಮಲಗಿರೋಣ ಅನ್ನಿಸುವುದು, ಇವನ್ನೆಲ್ಲ ವೈರಸ್ ಮಾಡುತ್ತದೆ ಅಂದುಕೊಳ್ಳುತ್ತೇವೆ. ಬಹುಪಾಲು ಮಾಡುವುದು ನಮ್ಮದೇ ದೇಹ.

ವೈರಸ್ ಹೊಕ್ಕ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕವನ್ನು ಬಿಡುತ್ತವೆ. ಇದರ ಹಾಗೆ ಇಂಟರ್‌ಲ್ಯೂಕಿನ್‌ಗಳೂ ಇವೆ. ಇವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳು ಮೈಬಿಸಿ ಏರಿಸುತ್ತದೆ, ಹಸಿವು ಇಳಿಸುತ್ತದೆ, ಓಡಾಟ ಬೇಡ ಎನ್ನುತ್ತದೆ. ಶಕ್ತಿಯೆಲ್ಲ ಜಗಳಕ್ಕೆ ಬೇಕು, ನೀನು ಮಲಗು ಅಂತ.

ಇದಕ್ಕೆ ಒಳ್ಳೆಯ ಸಾಕ್ಷಿ ಔಷಧದಿಂದಲೇ ಸಿಕ್ಕಿದೆ. ಹಿಂದೆ ಹೆಪಟೈಟಿಸ್ ಸಿ ರೋಗಿಗಳಿಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದರು. ಅವರಿಗೆ ಫ್ಲೂ ವೈರಸ್ ಇರುತ್ತಿರಲಿಲ್ಲ. ಆದರೂ ಫ್ಲೂ ಬಂದ ಹಾಗೆಯೇ ಚಳಿ, ಜ್ವರ, ಮೈಕೈ ನೋವು, ಸುಸ್ತು. ಎಷ್ಟೋ ಜನಕ್ಕೆ ಮನಸ್ಸೂ ಕುಸಿಯುತ್ತಿತ್ತು. ಫ್ಲೂ ವೈರಸ್ಸೇ ಇಲ್ಲದೆ ಫ್ಲೂ!

ಈಗ ನಿಮ್ಮ ವಿಷಯ. ವೈರಸ್ ಸತ್ತ ಕ್ಷಣಕ್ಕೆ ಈ ಎಚ್ಚರಿಕೆ ಗಂಟೆ ಟಕ್ಕನೆ ನಿಲ್ಲುವುದಿಲ್ಲ. ಸತ್ತ ಜೀವಕೋಶಗಳ ಕಸ ತೆಗೆಯಬೇಕು, ಕಿತ್ತುಹೋದ ಪದರ ಕಟ್ಟಬೇಕು. ಬೆಂಕಿ ಆರಿಸಿ ಹೋದ ಮೇಲೆ ಮನೆ ತೊಳೆಯುವ ಕೆಲಸ ಇರುತ್ತದಲ್ಲ, ಅದು. ಬೆಂಕಿ ಸಣ್ಣದೇ ಇರಬಹುದು, ನೀರು ಮನೆ ತುಂಬ ಹೋಗಿರುತ್ತದೆ.

"ವೈರಸ್ ಒಳಗೇ ಇದೆಯಾ" ಎಂದು ಕೇಳಿದ್ದೀರಿ. ಮಾಮೂಲಿ ನೆಗಡಿ ವೈರಸ್‌ನ ತುಣುಕುಗಳು ಪಿಸಿಆರ್ ಪರೀಕ್ಷೆಯಲ್ಲಿ ಕೆಲವರಿಗೆ ವಾರಗಟ್ಟಲೆ ಸಿಗುತ್ತವೆ. ಅದು ಮುರಿದುಬಿದ್ದ ಸಾಮಾನಿನ ಹಾಗೆ. ಸಿಕ್ಕಿತು ಅಂದ ಮಾತ್ರಕ್ಕೆ ಬದುಕಿದೆ, ಹರಡುತ್ತದೆ ಅಂತ ಅರ್ಥವಲ್ಲ. ಹಾಗಂತ ಎಲ್ಲ ವೈರಸ್ಸೂ ಹೊರಟುಹೋಗುತ್ತವೆ ಅನ್ನುವಂತೆಯೂ ಇಲ್ಲ. ಚಿಕನ್‌ಪಾಕ್ಸ್ ವೈರಸ್ ನರಗಂಟುಗಳಲ್ಲಿ ಜೀವನಪೂರ್ತಿ ಅಡಗಿರುತ್ತದೆ, ಮುಂದೆ ಸರ್ಪಸುತ್ತಾಗಿ ಏಳಬಹುದು. ಗ್ರಂಥಿ ಜ್ವರ ತರುವ ಎಪ್‌ಸ್ಟೀನ್-ಬಾರ್ ವೈರಸ್ ಬಿಳಿ ರಕ್ತಕಣಗಳಲ್ಲೇ ಬಿಡಾರ ಹೂಡುತ್ತದೆ. ಕೋವಿಡ್ ವೈರಸ್‌ನ ಅಂಶಗಳು ಕೆಲವರ ಅಂಗಾಂಶಗಳಲ್ಲಿ ತಿಂಗಳುಗಟ್ಟಲೆ ಸಿಕ್ಕಿವೆ. ಅವೇ ಸುಸ್ತಿಗೆ ಕಾರಣವಾ ಎಂಬುದು ಇನ್ನೂ ಸಂಶೋಧಕರ ನಡುವಿನ ಜಗಳ.

ಲೆಕ್ಕಪತ್ರ (ಮಂಗಳವಾರ, ಸಂಜೆ 6.10)

ಒಂದು ಮಾತು ಹೇಳಲೇಬೇಕು, ಬೇಜಾರಾಗಬೇಡಿ. ನಮ್ಮ ಅಪ್ಪ ಜ್ವರದಲ್ಲೂ ಕೆಲಸಕ್ಕೆ ಹೋಗುತ್ತಿದ್ದರು. ಈಗಿನವರು ಎರಡು ಸಲ ಸೀನಿದರೆ ಇಂಟರ್‌ನೆಟ್‌ನಲ್ಲಿ ಕಾಯಿಲೆ ಹುಡುಕುತ್ತಾರೆ. ವರದಿ ನಾರ್ಮಲ್ ಅಂದರೆ ನಾರ್ಮಲ್. ಉಳಿದದ್ದು ತಲೆಯೊಳಗಿನದು. ಎದ್ದು ಓಡಾಡಿದರೆ ಸರಿಹೋಗುತ್ತದೆ. ಮಲಗಿದಷ್ಟೂ ಮೈ ಜಡ.

ಮೂಗಿಲ್ಲದವಳು (ಮಂಗಳವಾರ, ಸಂಜೆ 6.14)

ನಿಮ್ಮ ಅಪ್ಪನನ್ನು ಯಾರಾದರೂ ಕೇಳಿದ್ದರಾ, ಹೇಗಿದ್ದೀರಿ ಅಂತ?

ಜಗಲಿ_ಕಾವಲು (ನಿರ್ವಾಹಕ) (ಮಂಗಳವಾರ, ಸಂಜೆ 6.30)

ಇಬ್ಬರೂ ಸ್ವಲ್ಪ ತಣ್ಣಗಾಗಿ. ವಾದ ಮಾಡಿ, ಅಪ್ಪಂದಿರನ್ನು ಬಿಡಿ.

ಪಿಪೆಟ್ (ಮಂಗಳವಾರ, ರಾತ್ರಿ 8.45)

ಲೆಕ್ಕಪತ್ರ ಅವರೇ, ನಿಮಗೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ. ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನ ಸುತ್ತಮುತ್ತ 253 ಜನರನ್ನು ಕಾಯಿಲೆ ಬಿದ್ದಾಗಿನಿಂದಲೇ ಹಿಂಬಾಲಿಸಿದರು. ಕೆಲವರಿಗೆ ಎಪ್‌ಸ್ಟೀನ್-ಬಾರ್ ವೈರಸ್, ಕೆಲವರಿಗೆ ಸೊಳ್ಳೆಯಿಂದ ಬರುವ ರಾಸ್ ರಿವರ್ ವೈರಸ್, ಇನ್ನು ಕೆಲವರಿಗೆ ಕ್ಯೂ ಜ್ವರ. ಕ್ಯೂ ಜ್ವರ ವೈರಸ್ಸೇ ಅಲ್ಲ, ಬ್ಯಾಕ್ಟೀರಿಯಾದಿಂದ ಬರುವುದು. ಮೂರು ಬೇರೆ ಬೇರೆ ರೋಗಾಣು. ಆದರೆ ಆರು ತಿಂಗಳ ನಂತರ ಮೂರೂ ಗುಂಪಿನಲ್ಲಿ ಉಳಿದದ್ದು ಒಂದೇ ಬಗೆಯ ತೊಂದರೆ: ಏಳಲಾಗದ ಸುಸ್ತು, ಮೈಕೈ ನೋವು, ಮಂಕು ತಲೆ. ಒಟ್ಟು ನೂರಕ್ಕೆ 12 ಜನಕ್ಕೆ.

ಯಾರಿಗೆ ಉಳಿಯುತ್ತದೆ ಎಂದು ಹುಡುಕಿದಾಗ ಮುಖ್ಯವಾಗಿ ಸಿಕ್ಕಿದ್ದು ಮೊದಲ ದಿನಗಳ ಕಾಯಿಲೆಯ ತೀವ್ರತೆ. ಮೊದಲಿನ ಮನಸ್ಥಿತಿ ಅಲ್ಲ, ವಯಸ್ಸೂ ಅಲ್ಲ, ಯಾವ ರೋಗಾಣು ಎಂಬುದೂ ಅಲ್ಲ. 2006ರಲ್ಲಿ ಪ್ರಕಟವಾಯಿತು. ಕೋವಿಡ್ ಬರುವ ಸುಮಾರು ಹದಿಮೂರು ವರ್ಷ ಮೊದಲು.

ಲೆಕ್ಕಪತ್ರ (ಮಂಗಳವಾರ, ರಾತ್ರಿ 9.20)

ಸರಿ, ಓದಿದೆ. ಆದರೆ ನೀವೇ ನಿಮ್ಮ ವಾದ ಮುರಿದಿರಿ. ತೀವ್ರತೆ ಕಾರಣ ಅಂದರೆ ಮೂರು ದಿನದ ಸಣ್ಣ ಜ್ವರಕ್ಕೆ ಇಷ್ಟು ಸುಸ್ತು ಹೇಗೆ?

ಪಿಪೆಟ್ (ಮಂಗಳವಾರ, ರಾತ್ರಿ 9.50)

ಒಳ್ಳೆಯ ಪ್ರಶ್ನೆ, ಹೊಟ್ಟೆಕಿಚ್ಚಾಗುವಷ್ಟು ಒಳ್ಳೆಯದು. ಒಂದು ಲೆಕ್ಕ ಹಾಕೋಣ. ಅಂಕಿ ನಾನು ಸುಮ್ನೆ ಕಟ್ಟಿದ್ದು, ಯಾವ ಅಧ್ಯಯನದ್ದೂ ಅಲ್ಲ. ಸಾವಿರ ಜನಕ್ಕೆ ಸಣ್ಣ ಜ್ವರ, ಇಪ್ಪತ್ತು ಜನಕ್ಕೆ ಜೋರು ಕಾಯಿಲೆ ಅಂದುಕೊಳ್ಳಿ. ಸಣ್ಣ ಜ್ವರದವರಲ್ಲಿ ನೂರಕ್ಕೆ ಮೂವರಿಗೆ ಸುಸ್ತು ಉಳಿದರೆ 30 ಜನ. ಜೋರಾಗಿ ಮಲಗಿದವರಲ್ಲಿ ಅರ್ಧಕ್ಕರ್ಧ ಜನಕ್ಕೆ ಉಳಿದರೂ ಹತ್ತೇ ಜನ. ಒಬ್ಬೊಬ್ಬರ ಅಪಾಯ ತೀವ್ರ ಕಾಯಿಲೆಯವರಿಗೇ ಹೆಚ್ಚು. ಆದರೆ ಕಣ್ಣಿಗೆ ಬೀಳುವವರಲ್ಲಿ ಜಾಸ್ತಿ ಜನ ಸಣ್ಣ ಜ್ವರದವರೇ.

ಇನ್ನೊಂದು, "ಮೈಲ್ಡ್" ಎಂಬ ಪದವೇ ಮೋಸದ್ದು. ಕೋವಿಡ್ ವಿಂಗಡಣೆಯಲ್ಲಿ ಅದಕ್ಕೆ ನ್ಯುಮೋನಿಯಾ ಇಲ್ಲ, ಆಮ್ಲಜನಕ ಇಳಿದಿಲ್ಲ ಎಂದಷ್ಟೇ ಅರ್ಥ. ಅದು ಶ್ವಾಸಕೋಶದ ಅಳತೆ. ಹಾಸಿಗೆಯಲ್ಲಿ ಹೊರಳಾಡಿದವರನ್ನು ಕೇಳಿ ಇಟ್ಟ ಹೆಸರಲ್ಲ.

ನಿವೃತ್ತ_ಸ್ಟೆತಸ್ಕೋಪ್ (ಬುಧವಾರ, ಬೆಳಿಗ್ಗೆ 6.05)

ಲೆಕ್ಕಪತ್ರ ಅವರ ಮಾತಿನಲ್ಲಿ ಒಂದು ಪಾಲು ನಿಜವೂ ಇದೆ, ಅದನ್ನು ಒಪ್ಪದಿದ್ದರೆ ತಪ್ಪಾಗುತ್ತದೆ. ದಿನಗಟ್ಟಲೆ ಮಲಗಿದರೆ ಸ್ನಾಯು ಕರಗುತ್ತದೆ, ವಯಸ್ಸಾದವರಲ್ಲಿ ಇನ್ನೂ ಬೇಗ. ಹೀಗೆ ಸೊರಗಿದವರಿಗೆ ಮೆಲ್ಲಗೆ ನಡಿಗೆ ಹೆಚ್ಚಿಸಿದರೆ ಗುಣ ಕಾಣುತ್ತದೆ. ತಪ್ಪಾಗುವುದು ಎಲ್ಲಿ ಅಂದರೆ, ಎಲ್ಲರ ಸುಸ್ತೂ ಇದೇ ಬಗೆ ಎಂದುಕೊಂಡಾಗ. "ಓಡಾಡಿ ಸರಿಹೋಗುತ್ತೆ" ಎಂದು ನಾನೇ ಎಷ್ಟೋ ಜನಕ್ಕೆ ಹೇಳಿ ಕಳಿಸಿದ್ದೇನೆ. ಅವರಲ್ಲಿ ಕೆಲವರು ಮತ್ತೆ ಬರಲಿಲ್ಲ. ಗುಣವಾಯಿತು ಅಂತ ಆಗ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುತ್ತಿಲ್ಲ.

ನಿಧಾನ_ನಡಿಗೆ (ಬುಧವಾರ, ಮಧ್ಯಾಹ್ನ 12.20)

ಬರೆಯಬಾರದು ಅಂದುಕೊಂಡಿದ್ದೆ. ಡಾಕ್ಟರ ಕೊನೆಯ ಸಾಲು ಓದಿ ಬರೆಯುತ್ತಿದ್ದೇನೆ. ಎರಡು ಕಂತಿನಲ್ಲಿ ಬರೆದೆ, ಮಧ್ಯೆ ಮಲಗಿದ್ದೆ.

ನನ್ನದು ಹದಿನಾಲ್ಕನೇ ತಿಂಗಳು. ಕೋವಿಡ್, ಎರಡೇ ದಿನ ಜ್ವರ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಬಂದದ್ದು ನನಗೇ. ಎರಡನೇ ವಾರ ಚೆನ್ನಾಗಿಯೇ ಇದ್ದೆ. ಮೂರನೇ ವಾರ ಮೊದಲಿನ ಹಾಗೆ ಓಡಲು ಹೋದೆ. ಓಡಿದ ದಿನ ಏನೂ ಆಗಲಿಲ್ಲ. ಮರುದಿನವೂ ಪರವಾಗಿಲ್ಲ. ಅದರ ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಕೈ ಎತ್ತಲಾಗಲಿಲ್ಲ. ನಾಲ್ಕು ದಿನ ಹಾಸಿಗೆ. ಸ್ವಲ್ಪ ಸರಿಯಾದ ಕೂಡಲೇ "ಶಕ್ತಿ ಬರಬೇಕಲ್ಲ" ಎಂದು ಮತ್ತೆ ಓಡಿದೆ. ಮತ್ತೆ ಅದೇ. ಐದು ಸಲ ಹೀಗೆ ಬಿದ್ದ ಮೇಲೆ ಓಟಕ್ಕೂ ಬೀಳುವುದಕ್ಕೂ ಸಂಬಂಧ ಇದೆ ಎಂದು ಹೊಳೆಯಿತು. ನಡುವೆ ಒಂದೆರಡು ದಿನದ ಅಂತರ ಇರುವುದರಿಂದ ತಿಳಿಯುವುದೇ ಇಲ್ಲ. ಸಾಮಾನ್ಯವಾಗಿ ಇದು 12ರಿಂದ 48 ಗಂಟೆ ಕಳೆದು ಹೊಡೆಯುತ್ತದಂತೆ. ಓಟವೇ ಆಗಬೇಕೆಂದಿಲ್ಲ. ಒಮ್ಮೆ ಒಂದು ದೀರ್ಘ ಫೋನ್ ಮಾತುಕತೆಯ ಮರುದಿನ ಬಿದ್ದಿದ್ದೇನೆ.

ಹೋದಲ್ಲೆಲ್ಲ ವರದಿ ನಾರ್ಮಲ್. ಒಬ್ಬ ವೈದ್ಯರು ಖಿನ್ನತೆ ಎಂದರು. ನಾನು ಹೇಳಿದೆ, ಖಿನ್ನತೆಯವರಿಗೆ ಯಾವುದೂ ಬೇಡ ಅನ್ನಿಸುತ್ತದೆ ಅಂತಾರೆ, ನನಗೆ ಎಲ್ಲವೂ ಬೇಕು, ಮೈ ಕೊಡುತ್ತಿಲ್ಲ. ಅವರು ಚೀಟಿ ಬರೆಯುತ್ತಲೇ ಇದ್ದರು.

2024ರ ಜನವರಿಯಲ್ಲಿ ಆಮ್‌ಸ್ಟರ್‌ಡಾಂನ ಸಂಶೋಧಕರ ಒಂದು ವರದಿ ಬಂತು. ಲಾಂಗ್ ಕೋವಿಡ್, ಅಂದರೆ ಕೋವಿಡ್ ಹೋದರೂ ತಿಂಗಳುಗಟ್ಟಲೆ ತೊಂದರೆ ಉಳಿದವರು 25 ಜನ, ಕೋವಿಡ್‌ನಿಂದ ಪೂರ್ತಿ ಗುಣವಾದ 21 ಜನ. ಎಲ್ಲರಿಗೂ ವ್ಯಾಯಾಮದ ಸೈಕಲ್ ತುಳಿಸಿ, ಮೊದಲೂ ಆಮೇಲೂ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದರು. ಲಾಂಗ್ ಕೋವಿಡ್‌ನವರ ಸ್ನಾಯುವಿನಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಕೆಲಸ ವ್ಯಾಯಾಮದ ನಂತರ ಇನ್ನೂ ಕುಗ್ಗಿತ್ತು, ಸ್ನಾಯುವಿಗೆ ಪೆಟ್ಟಾದ ಗುರುತೂ ಜಾಸ್ತಿ ಇತ್ತು. ಅದನ್ನು ಓದಿ ಅತ್ತೆ. ಗುಣವಾಗುವ ದಾರಿ ಸಿಕ್ಕಿತು ಅಂತಲ್ಲ. ಯಾರೋ ಕೊನೆಗೂ ಒಳಗೆ ನೋಡಿದರಲ್ಲ ಅಂತ.

ಅಂದಹಾಗೆ "ಲಾಂಗ್ ಕೋವಿಡ್" ಎಂಬ ಹೆಸರನ್ನು ವೈದ್ಯರು ಇಟ್ಟದ್ದಲ್ಲ. 2020ರ ಮೇ ತಿಂಗಳಲ್ಲಿ ಎಲೀಸಾ ಪೆರೆಗೊ ಎಂಬ ಇಟಲಿಯ ಪುರಾತತ್ವಜ್ಞೆ ಟ್ವಿಟರ್‌ನಲ್ಲಿ ಬಳಸಿದ್ದು. ಆಕೆಗೇ ಆ ಕಾಯಿಲೆ ಇತ್ತು.

ತರಗತಿ_ಗಂಟೆ (ಬುಧವಾರ, ಸಂಜೆ 5.50)

ಓದಿ ಎದೆ ಧಸಕ್ಕೆಂದಿತು. ನನ್ನದೂ ಹೀಗೇ ಆಗುತ್ತದಾ? ಹೇಗೆ ತಿಳಿಯುವುದು?

ನಿಧಾನ_ನಡಿಗೆ (ಬುಧವಾರ, ಸಂಜೆ 6.35)

ಹೆದರಿಸಲು ಬರೆದದ್ದಲ್ಲ ಮೇಡಂ. ಐದು ವಾರಕ್ಕೆ ಯಾರೂ ಹಣೆಬರಹ ಹೇಳಲಾರರು. ಲಾಂಗ್ ಕೋವಿಡ್ ಎಂದರೇನು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಬರೆದ ವಿವರಣೆಯಲ್ಲೂ ಕೋವಿಡ್ ಶುರುವಾಗಿ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಲಕ್ಷಣ ಇರಬೇಕು, ಕನಿಷ್ಠ ಎರಡು ತಿಂಗಳು ಇದ್ದಿರಬೇಕು, ಬೇರೆ ಕಾರಣ ಇರಬಾರದು ಎಂದಿದೆ. ಹೆಚ್ಚಿನವರು ಅಷ್ಟರೊಳಗೆ ಎದ್ದುಬಿಡುತ್ತಾರೆ.

ನೀವು ಒಂದು ಪುಸ್ತಕ ಇಡಿ. ದಿನಾ ಎರಡೇ ಸಾಲು: ಇವತ್ತು ಏನು ಮಾಡಿದೆ, ಹೇಗಿದ್ದೆ. ಎರಡು ವಾರದ ನಂತರ ಹಿಂದಕ್ಕೆ ಓದಿ. ಓಡಾಡಿದ ದಿನ ಸುಸ್ತಾಗಿ ಮರುದಿನ ಸರಿಹೋಗುತ್ತಿದ್ದರೆ, ವಾರದಿಂದ ವಾರಕ್ಕೆ ಸ್ವಲ್ಪ ಮೇಲಾಗುತ್ತಿದ್ದರೆ, ಅದು ಚೇತರಿಕೆ. ಓಡಾಡಿದ ಒಂದೆರಡು ದಿನದ ನಂತರ ಕುಸಿಯುತ್ತಿದ್ದರೆ ಮಾತ್ರ ನಿಲ್ಲಿಸಿ ವೈದ್ಯರಿಗೆ ಆ ಪುಸ್ತಕವನ್ನೇ ತೋರಿಸಿ. ನನ್ನಂತೆ ಐದು ಸಲ ಬೀಳಬೇಡಿ. ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ನನ್ನ ಬಗೆಯ ಸುಸ್ತಿನವರಿಗೆ ಇಷ್ಟಿಷ್ಟೇ ವ್ಯಾಯಾಮ ಹೆಚ್ಚಿಸುತ್ತಾ ಹೋಗುವ ಚಿಕಿತ್ಸೆ ಕೊಡಬೇಡಿ ಎಂದೇ ಬರೆದಿದ್ದಾರೆ.

ನಿಂತಾಗ ಎದೆ ಡವಡವ, ಬವಳಿ ಬಂದಂತೆ ಆಗುತ್ತದಾ? ಹಾಗಾಗುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ನನಗೆ ಅದೇ ಅರ್ಧ ತೊಂದರೆ. ಮಲಗಿದ್ದಾಗಿನ ನಾಡಿಗಿಂತ ನಿಂತು ಹತ್ತು ನಿಮಿಷದೊಳಗೆ 30 ಬಡಿತ ಜಾಸ್ತಿಯಾಗುತ್ತದೆ, ಬಿ.ಪಿ. ಇಳಿಯುವುದಿಲ್ಲ. ಪಾಟ್ಸ್ ಅಂತಾರೆ. ಇಸಿಜಿ ಮಲಗಿಸಿ ತೆಗೆಯುತ್ತಾರಲ್ಲ, ಅದರಲ್ಲಿ ಹೇಗೆ ಸಿಗಬೇಕು?

ನಿವೃತ್ತ_ಸ್ಟೆತಸ್ಕೋಪ್ (ಗುರುವಾರ, ಬೆಳಿಗ್ಗೆ 6.15)

ಪುಸ್ತಕದ ಉಪಾಯ ನನಗೆ ಹೊಳೆಯಬೇಕಿತ್ತು.

ಒಂದು ಎಚ್ಚರಿಕೆ ಸೇರಿಸುತ್ತೇನೆ. "ವೈರಸ್ ಬಿಟ್ಟುಹೋದದ್ದು" ಎನ್ನುವುದು ಬೇರೆ ಕಾರಣ ಇಲ್ಲ ಎಂದು ನೋಡಿದ ಮೇಲೆ ಹೇಳುವ ಮಾತು. ಕೆಮ್ಮಿನಲ್ಲಿ ರಕ್ತ, ಕೂತಲ್ಲೇ ಏದುಸಿರು, ಎದೆನೋವು, ತೂಕ ಇಳಿಯುವುದು, ರಾತ್ರಿ ಬಟ್ಟೆ ನೆನೆಯುವಷ್ಟು ಬೆವರು, ಇವುಗಳಲ್ಲಿ ಒಂದಿದ್ದರೂ ಕಾಯಬಾರದು. ಕ್ಷಯ ಹೆಚ್ಚಿರುವ ದೇಶಗಳಲ್ಲಿ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು, ಸಂಕೋಚ ಬೇಡ. ಕೆಮ್ಮಿ ಕೆಮ್ಮಿ ವಾಂತಿಯಾಗುತ್ತಿದ್ದರೆ ನಾಯಿಕೆಮ್ಮು ಇರಬಹುದು, ದೊಡ್ಡವರಿಗೂ ಬರುತ್ತದೆ. ಎದೆಯಲ್ಲಿ ಸುಯ್ ಸುಯ್ ಸದ್ದು ಬಂದರೆ ಅಡಗಿದ್ದ ಆಸ್ತಮಾ ಎದ್ದಿರಬಹುದು. ಜ್ವರ ಬಿಟ್ಟು ಎರಡು ದಿನ ಚೆನ್ನಾಗಿದ್ದು ಮತ್ತೆ ಜೋರಾಗಿ ಬಂದರೆ, ಅದು ವೈರಸ್‌ನ ಹಿಂದೆ ಬಂದ ಬ್ಯಾಕ್ಟೀರಿಯಾ ಇರಬಹುದು. ಮುಂಗೋಪಿ ಮಾವನ ಆಂಟಿಬಯಾಟಿಕ್‌ಗೆ ಆಗ ಕೆಲಸ ಬರಬಹುದು. ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ನೋಡಿಸಲೇಬೇಕು.

ಹಳೇಸೈಕಲ್, ನೀವು ಏಳನೇ ವಾರ ಎಂದಿರಿ. ಬೇರೆ ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ?

ಹಳೇಸೈಕಲ್ (ಗುರುವಾರ, ಬೆಳಿಗ್ಗೆ 8.00)

ಬಿ.ಪಿ. ಮಾತ್ರೆ. ಹೊಸದು. ಎರಡು ತಿಂಗಳಾಯಿತು. ರಾಮಿಪ್ರಿಲ್.

ನಿವೃತ್ತ_ಸ್ಟೆತಸ್ಕೋಪ್ (ಗುರುವಾರ, ಬೆಳಿಗ್ಗೆ 8.04)

ಹೆಸರು "ಪ್ರಿಲ್" ಎಂದು ಮುಗಿಯುವ ಮಾತ್ರೆಗಳು ಕೆಲವರಿಗೆ ಒಣ ಕೆಮ್ಮು ತರುತ್ತವೆ. ನೀವಾಗಿ ನಿಲ್ಲಿಸಬೇಡಿ. ಇವತ್ತೇ ನಿಮ್ಮ ವೈದ್ಯರನ್ನು ಕೇಳಿ.

ಗೂಬೆಮರಿ (ಗುರುವಾರ, ರಾತ್ರಿ 1.10)

ತಪ್ಪೊಪ್ಪಿಗೆ: ನೆಗಡಿ ಬಂದು ಮೂರು ವಾರ, ಮೂಗು ಕಟ್ಟಿದ್ದು ಬಿಡಲೇ ಇಲ್ಲ. ದಿನಕ್ಕೆ ಆರು ಸಲ, ಕಟ್ಟಿದ ಮೂಗನ್ನು ಕೂಡಲೇ ಬಿಡಿಸುವ ಸ್ಪ್ರೇ. ಕೊನೆಗೆ ಗೊತ್ತಾಯಿತು, ಕಟ್ಟುತ್ತಿದ್ದದ್ದೇ ಸ್ಪ್ರೇ. ಆ ಬಗೆಯದನ್ನು ಮೂರರಿಂದ ಐದು ದಿನಕ್ಕಿಂತ ಜಾಸ್ತಿ ಹಾಕಿದರೆ ತಿರುಗಿ ಕಟ್ಟುತ್ತದಂತೆ. ಡಬ್ಬಿಯ ಮೇಲೆ ಬರೆದೇ ಇತ್ತು. ಯಾರು ಓದುತ್ತಾರೆ?

ಇಬ್ಬರ_ಅಪ್ಪ (ಶುಕ್ರವಾರ, ಬೆಳಿಗ್ಗೆ 9.30)

ನಮ್ಮ ಸಣ್ಣವನಿಗೆ ಮೂರು ತಿಂಗಳಿಂದ ನೆಗಡಿ ಬಿಟ್ಟೇ ಇಲ್ಲ. ಇದೂ ಅದೇನಾ?

ನಿವೃತ್ತ_ಸ್ಟೆತಸ್ಕೋಪ್ (ಶುಕ್ರವಾರ, ಬೆಳಿಗ್ಗೆ 10.10)

ನಡುವೆ ನಾಲ್ಕು ದಿನವಾದರೂ ಚೆನ್ನಾಗಿರುತ್ತಾನಾ? ಹಾಗಿದ್ದರೆ ಅದು ಒಂದು ನೆಗಡಿಯಲ್ಲ, ಒಂದರ ಬಾಲ ಹಿಡಿದು ಬಂದ ಮೂರ್ನಾಲ್ಕು ನೆಗಡಿ. ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಬರುವುದು ಮಾಮೂಲು. ತೂಕ ಏರುತ್ತಿದ್ದು ಆಟ ಆಡುತ್ತಿದ್ದರೆ ನಿಶ್ಚಿಂತೆಯಿಂದಿರಿ.

ಮೂಗಿಲ್ಲದವಳು (ಶುಕ್ರವಾರ, ಮಧ್ಯಾಹ್ನ 3.00)

ಹೆಸರಿನ ಕಥೆ ಹೇಳಿಬಿಡುತ್ತೇನೆ. ಕೋವಿಡ್‌ನಲ್ಲಿ ವಾಸನೆ ಹೋಯಿತು. ಮೂರು ತಿಂಗಳ ನಂತರ ಬಂತು, ಆದರೆ ಕೆಟ್ಟು ಬಂತು. ಸೋಪಿನ ವಾಸನೆ ಸುಟ್ಟ ರಬ್ಬರಿನ ಹಾಗೆ. ನರವೇ ಸತ್ತಿದೆ ಅಂದುಕೊಂಡಿದ್ದೆ. ಆಮೇಲೆ ಓದಿದೆ: ಕೋವಿಡ್ ವೈರಸ್ ಮುಖ್ಯವಾಗಿ ಹೊಕ್ಕುವುದು ವಾಸನೆಯ ನರಕೋಶಕ್ಕಲ್ಲ, ಅದಕ್ಕೆ ಆಸರೆಯಾಗಿರುವ ಕೋಶಗಳಿಗೆ. ಆಸರೆ ಕುಸಿದರೆ ನರಕೋಶವೂ ಕೆಲಸ ನಿಲ್ಲಿಸುತ್ತದೆ. ಈ ನರಕೋಶಗಳು ಜೀವನಪೂರ್ತಿ ಹೊಸದಾಗಿ ಹುಟ್ಟುತ್ತಿರುತ್ತವೆ. ಹೊಸವು ಮಿದುಳಿನಲ್ಲಿ ತಮ್ಮ ಜಾಗ ಹುಡುಕಿಕೊಳ್ಳುವಾಗ ತಂತಿ ತಪ್ಪಾಗಿ ಸೇರಿದರೆ ಹೀಗೆ ಕೆಟ್ಟ ವಾಸನೆ.

ಜರ್ಮನಿಯ ಥಾಮಸ್ ಹಮ್ಮೆಲ್ 2009ರಲ್ಲಿ ತೋರಿಸಿದ ಅಭ್ಯಾಸ ಮಾಡಿದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ. ಬೆಳಿಗ್ಗೆ ಸಂಜೆ ಒಂದೊಂದನ್ನೂ ಮೂಸುವುದು, ಹನ್ನೆರಡು ವಾರ. ಮೊದಲ ತಿಂಗಳು ಖಾಲಿ ಸೀಸೆ ಮೂಸುವ ಹುಚ್ಚಿಯ ಹಾಗೆ ಕಾಣುತ್ತಿದ್ದೆ. ಒಂಬತ್ತನೇ ವಾರ ಲವಂಗ ಸಿಕ್ಕಿತು. ನಿಂಬೆ ಇನ್ನೂ ಪೂರ್ತಿ ಇಲ್ಲ.

ಹಳೇಸೈಕಲ್ (ಎರಡು ವಾರದ ನಂತರ)

ಮಾತ್ರೆ ಬದಲಾಯಿಸಿದರು. ಕೆಮ್ಮು ಮುಕ್ಕಾಲು ಹೋಗಿದೆ. ಪೂರ್ತಿ ಹೋಗಲು ಇನ್ನೂ ಕೆಲವು ವಾರ ಬೇಕಂತೆ. ನಾಯಿ ಬೇಜಾರಿನಲ್ಲಿದೆ. ನಾನು ಏಳು ವಾರ ವೈರಸ್ಸನ್ನು ಬೈದದ್ದಕ್ಕೆ ವೈರಸ್ ಬಳಿ ಕ್ಷಮೆ ಕೇಳುತ್ತೇನೆ.

ತರಗತಿ_ಗಂಟೆ (ಏಳು ವಾರದ ನಂತರ)

ಹನ್ನೆರಡನೇ ವಾರ. ಪುಸ್ತಕ ಇಟ್ಟಿದ್ದೆ. ಮೊದಲ ಎರಡು ವಾರದ ಪುಟಗಳಲ್ಲಿ ಒಂದೇ ಪದ: ಸುಸ್ತು. ಎಂಟನೇ ವಾರದಲ್ಲಿ "ಮೆಟ್ಟಿಲು, ಒಂದು ಸಲ ನಿಂತೆ" ಎಂದಿದೆ. ಹತ್ತನೇ ವಾರದಿಂದ ಮೆಟ್ಟಿಲಿನ ಸುದ್ದಿಯೇ ಇಲ್ಲ. ಒಂದೆರಡು ದಿನ ಬಿಟ್ಟು ಕುಸಿದದ್ದು ಒಮ್ಮೆಯೂ ಇಲ್ಲ. ಕೆಮ್ಮು ಯಾವತ್ತು ನಿಂತಿತು ಎಂದು ಬರೆದಿಲ್ಲ, ನಿಂತಾಗ ಗಮನವೇ ಹೋಗಿರಲಿಲ್ಲ. ರಕ್ತದಲ್ಲಿ ಕಬ್ಬಿಣ ಸ್ವಲ್ಪ ಕಡಿಮೆ ಇತ್ತು, ಮಾತ್ರೆ ನಡೆಯುತ್ತಿದೆ.

ಆದರೆ ಡಾಕ್ಟ್ರೇ, ಈಗ ಕೂದಲು! ಎರಡು ವಾರದಿಂದ ಬಾಚಿದರೆ ಹಿಡಿ ಹಿಡಿ ಬರುತ್ತಿದೆ. ಎಲ್ಲ ಸರಿಹೋಯಿತು ಅನ್ನುವಾಗ ಇದೇನು?

ನಿವೃತ್ತ_ಸ್ಟೆತಸ್ಕೋಪ್ (ಮರುದಿನ, ಬೆಳಿಗ್ಗೆ 6.10)

ಇದೂ ಅದೇ ಜ್ವರದ ಬಾಕಿ. ಜ್ವರದ ಪೆಟ್ಟಿಗೆ ಒಂದಷ್ಟು ಕೂದಲು ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ. ಉದುರುವುದು ಎರಡು ಮೂರು ತಿಂಗಳ ನಂತರ, ಕೆಳಗಿನಿಂದ ಹೊಸ ಕೂದಲು ಬರುವ ಹೊತ್ತಿಗೆ. ಕಬ್ಬಿಣ ಕಡಿಮೆ ಇದ್ದರೆ ಇನ್ನಷ್ಟು. ಬೇರು ಸತ್ತಿಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗೆ ನಿಲ್ಲುತ್ತದೆ. ಕಬ್ಬಿಣದ ಮಾತ್ರೆ ಮಧ್ಯದಲ್ಲಿ ಬಿಡಬೇಡಿ. ತಲೆಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಬೋಳಾಗುತ್ತಿದ್ದರೆ ಮಾತ್ರ ಅದು ಬೇರೆ, ಚರ್ಮದ ವೈದ್ಯರಿಗೆ ತೋರಿಸಿ.

ನಿಧಾನ_ನಡಿಗೆ (ಅದೇ ದಿನ, ಸಂಜೆ 4.00)

ಮೇಡಂ, ನಿಮ್ಮ ಪುಸ್ತಕದ ಸುದ್ದಿ ಓದಿ ನಿಜಕ್ಕೂ ಖುಷಿಯಾಯಿತು. ನನ್ನ ಪುಸ್ತಕದಲ್ಲಿ ನಿನ್ನೆಯ ಸಾಲು: "ನಿಂತುಕೊಂಡೇ ಹಲ್ಲುಜ್ಜಿದೆ." ಇವತ್ತು ಏನಾಯಿತು ಎಂದು ನಾಳೆ ಬರೆಯುತ್ತೇನೆ.